ಹಜಾರದಲ್ಲಿ ಕಲಿತ ಕಾನೂನು

1976ರಲ್ಲಿ ಮೈಸೂರಿನಲ್ಲಿ ನಾನು ಎಲ್‌ಎಲ್‌ಬಿಗೆ ಸೇರಿದಾಗ ಸ್ವಾಗತ ಸಮಾರಂಭ ಅಂತೇನೂ ಇರಲಿಲ್ಲ. ಗುಮಾಸ್ತರು ದುಡ್ಡು ಎಣಿಸಿಕೊಂಡು, ರಸೀದಿ ಹರಿದುಕೊಟ್ಟು, ಗೋಡೆಗೆ ಅಂಟಿಸಿದ್ದ ಸೈಕ್ಲೋಸ್ಟೈಲ್ ಹಾಳೆಯ ಕಡೆ ಕೈ ತೋರಿಸಿದರು. ಶಾಯಿಯ ಘಾಟು ಇನ್ನೂ ಹೋಗಿರಲಿಲ್ಲ. ಹಾಜರಾತಿ ಇಷ್ಟಿರಬೇಕು, ಶುಲ್ಕ ಇಂಥ ದಿನದೊಳಗೆ ಕಟ್ಟಬೇಕು ಎನ್ನುವುದು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ. ತರಗತಿ ಸಂಜೆ ಹೊತ್ತು. ಬ್ಯಾಂಕು, ತಾಲ್ಲೂಕು ಕಚೇರಿ ಮುಗಿಸಿ ಬಂದವರು ಎದುರಿನ ಹೋಟೆಲಿನಲ್ಲಿ ಮೂವತ್ತು ಪೈಸೆಯ ಕಾಫಿ ಕುಡಿದು ಒಳಗೆ ಬರುತ್ತಿದ್ದರು. 2008ರ ಬಾರ್ ಕೌನ್ಸಿಲ್ ನಿಯಮದಲ್ಲಿ ತರಗತಿಗಳು ಬೆಳಿಗ್ಗೆ ಎಂಟರಿಂದ ಸಂಜೆ ಏಳರೊಳಗೇ ನಡೆಯಬೇಕೆಂದಾಯಿತು. ಓದು ಗಟ್ಟಿಯಾಗಲಿ ಎಂದೇ ಮಾಡಿದ್ದು, ಒಪ್ಪುತ್ತೇನೆ. ಸಂಬಳದ ಕೆಲಸ ಬಿಡಲಾಗದವರಿಗೆ ಮಾತ್ರ ಬಾಗಿಲು ಮುಚ್ಚಿತು.

ವೃತ್ತಿಯ ನಡವಳಿಕೆಯನ್ನು ನಾವು ಕಲಿತದ್ದು ಹಿರಿಯ ವಕೀಲರ ಮನೆಯ ಹಜಾರದಲ್ಲಿ. ಕೆಂಪು ದಾರ ಕಟ್ಟಿದ ಫೈಲುಗಳು ಗೋಡೆಯ ಗೂಡುಗಳಲ್ಲಿ, ನಾನು ಚಾಪೆಯ ಮೇಲೆ. ಒಂದು ಸಂಜೆ ನಂಜನಗೂಡಿನ ಕಡೆಯವರೊಬ್ಬರು ಜಮೀನಿನ ತಕರಾರು ಹೇಳಲು ಶುರು ಮಾಡಿದರು. ಎರಡು ಮಾತಾಗುವಷ್ಟರಲ್ಲಿ ನಮ್ಮ ಹಿರಿಯರು ಕೈ ಎತ್ತಿದರು: "ಸ್ವಾಮಿ, ಇದನ್ನ ನಾನು ಕೇಳೋ ಹಾಗಿಲ್ಲ. ಬೇರೆ ವಕೀಲರನ್ನ ನೋಡಿ." ಯಾಕೆಂದು ಆ ಮನುಷ್ಯನಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ವಾರದ ಮೇಲೆ ಫೈಲು ಜೋಡಿಸುವಾಗ ಅದೇ ಸರ್ವೆ ನಂಬರು ಕಣ್ಣಿಗೆ ಬಿತ್ತು. ಎದುರು ಪಾರ್ಟಿ ಮೊದಲೇ ಬಂದು ಸಲಹೆ ಕೇಳಿ ಹೋಗಿದ್ದ.

ಗೆದ್ದರೆ ಅರ್ಧ ಎಕರೆ ನಿಮಗೇ ಅಂದವರೂ ಬರುತ್ತಿದ್ದರು. "ಫೀಸು ಕೊಡಿ ಸಾಕು, ಪಾಲು ಬೇಡ" ಅನ್ನುತ್ತಿದ್ದರು ನಮ್ಮ ಹಿರಿಯರು. ಅದು ನಿಯಮ ಪುಸ್ತಕದಲ್ಲೇ ಇದೆ ಎಂದು ನಾನು ಓದಿ ತಿಳಿದದ್ದು ಆಮೇಲೆ.

ಸನ್ನದು ಪಡೆಯಲು ಆಗ ಕಾಯ್ದೆ ಹೇಳಿದ್ದ ಶುಲ್ಕ 250 ರೂಪಾಯಿ. ಅಮ್ಮ ನನ್ನ ಬಿಳಿ ಬ್ಯಾಂಡನ್ನು ಅನ್ನದ ಗಂಜಿಯಲ್ಲಿ ಅದ್ದಿ ಒಣಗಿಸಿ, ಹಿತ್ತಾಳೆ ಚೆಂಬಿಗೆ ಕೆಂಡ ತುಂಬಿ ಅದರ ತಳದಿಂದಲೇ ತೀಡುತ್ತಿದ್ದಳು. ಏಪ್ರಿಲ್ ಸೆಕೆಯಲ್ಲಿ ಕತ್ತು ಬೆವರಿದರೆ ಕೋರ್ಟ್ ಹಾಲಿನಲ್ಲೂ ಗಂಜಿಯ ವಾಸನೆ. ಕನ್ನಡಿಯ ಮುಂದೆ ನಿಂತು "ಮೈ ಲಾರ್ಡ್" ಅಭ್ಯಾಸ ಮಾಡುತ್ತಿದ್ದ ಆ ಹುಡುಗನನ್ನು ನೆನೆದರೆ ಈಗಲೂ ನಗು ಬರುತ್ತದೆ, ಪ್ರೀತಿಯೂ ಬರುತ್ತದೆ.

2024ರಲ್ಲಿ ಮೊಮ್ಮಗಳು ಐದು ವರ್ಷದ ಕೋರ್ಸಿಗೆ ಸೇರಿದಳು. ಮೊದಲ ದಿನ ನಾನೂ ಹೋಗಿದ್ದೆ. ಗುಲಾಬಿ ಕೊಟ್ಟರು, ಉಪ್ಪಿಟ್ಟು ಕೇಸರಿಬಾತು ಕೊಟ್ಟರು, ಆಮೇಲೆ ಪರದೆಯ ಮೇಲೆ ಒಂದೊಂದಾಗಿ ನಿಯಮ: ಹಾಜರಾತಿ ಶೇ 70, ರ್‍ಯಾಗಿಂಗ್ ಮಾಡುವುದಿಲ್ಲವೆಂಬ ಮುಚ್ಚಳಿಕೆ, ಕೋರ್ಸ್ ಮುಗಿಯುವುದರೊಳಗೆ 20 ವಾರ ಇಂಟರ್ನ್‌ಶಿಪ್. ಕೇಸಿನ ವಿಷಯ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕಬಾರದು ಎಂದೂ ಹೇಳಿದರು. ಸನ್ನದಿನ ಶುಲ್ಕ 750ಕ್ಕಿಂತ ಹೆಚ್ಚು ಕೇಳುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಆಗಷ್ಟೇ ತೀರ್ಪು ಕೊಟ್ಟಿತ್ತು. ಹಿಂದೆ ಕೂತಿದ್ದ ತಂದೆತಾಯಂದಿರು ಅದನ್ನು ಬರೆದುಕೊಂಡರು. ಕಕ್ಷಿದಾರನ ಗುಟ್ಟು ಕಾಯುವ ವಿಧಿ ನಮ್ಮ ಕಾಲಕ್ಕೆ ಎವಿಡೆನ್ಸ್ ಆ್ಯಕ್ಟಿನ 126. ಆ ವರ್ಷದ ಜುಲೈನಿಂದ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 132. ಹಜಾರದ ಚಾಪೆ ಸಿಕ್ಕದ ಮಕ್ಕಳಿಗೂ ಇದನ್ನೆಲ್ಲ ಮೊದಲ ದಿನವೇ ಹೇಳುತ್ತಾರಲ್ಲ, ಅದು ನನಗೆ ತುಂಬಾ ಹಿಡಿಸಿತು.

ರಜೆಯಲ್ಲಿ ಅವಳು ಒಬ್ಬ ವಕೀಲರ ಕಚೇರಿಗೆ ಹೊರಟಳು. ದಿನಾ ಡೈರಿ ಬರೆಯಬೇಕಂತೆ.

"ಕಕ್ಷಿದಾರರು ಹೇಳಿದ್ದನ್ನೂ ಬರೀಲಾ ತಾತ?"

"ಯಾವ ಅರ್ಜಿ, ಯಾವ ಹಂತ, ನೀನೇನು ಕಲಿತೆ, ಅಷ್ಟು ಬರಿ. ಅವರ ಮಾತು ಬೇಡ ಮಗಳೇ."