ಮನೆಯನ್ನೇ ಗುರುಕುಲವಾಗಿಸಿದ ಮಹಾತಾಯಿ

ಮಹಾಪುರುಷರ ಚರಿತ್ರೆಗಳನ್ನು ಓದುವಾಗಲೆಲ್ಲ ಒಂದು ಸಂಗತಿ ನನ್ನ ಮನಸ್ಸನ್ನು ಕಾಡುತ್ತ ಬಂದಿದೆ. ತಂದೆಯ ವಂಶ, ಗುರುವಿನ ಪರಂಪರೆ, ಕೈಗೊಂಡ ಯಾತ್ರೆ, ರಚಿಸಿದ ಗ್ರಂಥ ಇವೆಲ್ಲಕ್ಕೂ ಪುಟಗಟ್ಟಲೆ ಸ್ಥಳ ದೊರೆಯುತ್ತದೆ. ಹೆತ್ತು, ಹೊತ್ತು, ಮೊದಲ ಮಾತನ್ನೂ ಮೊದಲ ಅಕ್ಷರವನ್ನೂ ಕಲಿಸಿದ ತಾಯಿಗೆ ಮಾತ್ರ ಒಂದು ಸಾಲು ಮೀಸಲು. ನಮ್ಮಲ್ಲಿಯಾದರೂ ಅಷ್ಟೆ. ಚೆನ್ನಬಸವಣ್ಣನವರ ಷಟ್‌ಸ್ಥಲ ಜ್ಞಾನವನ್ನು ಹಾಡಿ ಹೊಗಳುವ ನಾವು ಅವರ ತಾಯಿ ಅಕ್ಕನಾಗಮ್ಮನವರನ್ನು ನೆನೆಯುವುದು ಅಪರೂಪ. ಹೀಗಿರುವಾಗ, ತಾನು ಮಕ್ಕಳನ್ನು ಬೆಳೆಸಿದ ಬಗೆಯನ್ನು ಸ್ವಹಸ್ತದಿಂದ ಬರೆದಿಟ್ಟುಹೋದ ತಾಯಿಯೊಬ್ಬಳ ಚರಿತ್ರೆ ಕೈಗೆ ಸಿಕ್ಕರೆ ಆನಂದವಾಗದೆ ಇದ್ದೀತೆ?

ಆಕೆಯೇ ಇಂಗ್ಲೆಂಡಿನ ಸುಸಾನಾ ವೆಸ್ಲಿ. ಕ್ರೈಸ್ತಮತದಲ್ಲಿ ಮೆಥಡಿಸ್ಟ್ ಎಂಬ ಪಂಥವನ್ನು ಕಟ್ಟಿದ ಜಾನ್ ವೆಸ್ಲಿಗೂ, ಸಾವಿರಾರು ಭಕ್ತಿಗೀತೆಗಳನ್ನು ರಚಿಸಿದ ಚಾರ್ಲ್ಸ್ ವೆಸ್ಲಿಗೂ ಹೆತ್ತ ತಾಯಿ. ಅನ್ಯಮತದ ಸ್ತ್ರೀಯೊಬ್ಬಳನ್ನು ಕುರಿತು ನಮ್ಮ ಪತ್ರಿಕೆಯಲ್ಲೇಕೆ ಬರೆಯಬೇಕೆಂದು ಕೆಲವು ವಾಚಕರಿಗೆ ಅನಿಸಬಹುದು. ಮಠದಲ್ಲಿ ನಮಗೆ ಪಾಠ ಹೇಳಿದ ಗುರುಗಳು, ಭಕ್ತಿ ಎಲ್ಲಿದ್ದರೂ ಅದು ನಮ್ಮ ಮನೆಯ ಸೊತ್ತೇ ಎಂದು ತಿಳಿಯಬೇಕೆನ್ನುತ್ತಿದ್ದರು. ಆ ಮಾತನ್ನು ನೆಚ್ಚಿ ಬರೆಯುತ್ತಿದ್ದೇನೆ.

ಸುಸಾನಾ 1669ರ ಜನವರಿ 20ರಂದು ಲಂಡನ್ ನಗರದಲ್ಲಿ ಜನಿಸಿದಳು. ತಂದೆ ಸ್ಯಾಮ್ಯುಅಲ್ ಆನ್ಸ್‌ಲಿ ರಾಜಸಮ್ಮತವಾದ ಇಂಗ್ಲೆಂಡಿನ ಸಭೆಯಿಂದ ಹೊರಗುಳಿದಿದ್ದ ಸ್ವತಂತ್ರ ಪಂಥದ ಪ್ರಸಿದ್ಧ ಬೋಧಕ. ಅವನ ಇಪ್ಪತ್ತೈದನೆಯ ಸಂತಾನ ಈಕೆ. ಹದಿಮೂರು ವರ್ಷ ತುಂಬುವ ವೇಳೆಗೇ ಎರಡೂ ಪಕ್ಷಗಳ ವಾದಗಳನ್ನು ತೂಗಿನೋಡಿ, ತಂದೆಯ ಪಂಥವನ್ನು ಬಿಟ್ಟು ಇಂಗ್ಲೆಂಡಿನ ಸಭೆಯನ್ನು ಸೇರಿದಳು. ಮಗಳ ಈ ನಿರ್ಧಾರದಿಂದ ತಂದೆಯ ವಾತ್ಸಲ್ಯ ಬತ್ತಲಿಲ್ಲವೆಂಬುದು ಆ ಹಿರಿಯನ ದೊಡ್ಡತನ. 1688ರಲ್ಲಿ ಸ್ಯಾಮ್ಯುಅಲ್ ವೆಸ್ಲಿ ಎಂಬ ಪಾದ್ರಿಯೊಡನೆ ಆಕೆಯ ವಿವಾಹವಾಯಿತು. 1697ರ ಸುಮಾರಿಗೆ ದಂಪತಿಗಳು ಲಿಂಕನ್‌ಶೈರ್ ಪ್ರಾಂತದ ಎಪ್‌ವರ್ತ್ ಎಂಬ ಸಣ್ಣ ಊರಿಗೆ ಬಂದು ನೆಲೆಸಿದರು.

ಆ ಸಂಸಾರದ ಕಷ್ಟಗಳನ್ನು ಎಣಿಸಿದರೆ ಎದೆ ನಡುಗುತ್ತದೆ. ಹಡೆದದ್ದು ಹತ್ತೊಂಬತ್ತು, ಅವುಗಳಲ್ಲಿ ಒಂಬತ್ತು ತೊಟ್ಟಿಲಲ್ಲಿಯೇ ತೀರಿಹೋದವು. ಉಳಿದವರು ಮೂವರು ಗಂಡುಮಕ್ಕಳು, ಏಳು ಮಂದಿ ಹೆಣ್ಣುಮಕ್ಕಳು. ಗಂಡ ವಿದ್ವಾಂಸ, ಕವಿ; ಆದರೆ ಹಣದ ವ್ಯವಹಾರ ತಿಳಿಯದವನು. 1705ರಲ್ಲಿ ಸಾಲ ತೀರಿಸಲಾಗದೆ ಲಿಂಕನ್ ಕೋಟೆಯ ಸೆರೆಮನೆ ಸೇರಿದ. ಕೈಯಲ್ಲಿ ಕಾಸಿಲ್ಲದ ಹೆಂಡತಿ ತನ್ನ ಉಂಗುರಗಳನ್ನೇ ಅವನ ಖರ್ಚಿಗೆಂದು ಕಳಿಸಿಕೊಟ್ಟಳು; ಅವನು ಅವನ್ನು ಮರಳಿಸಿದ. ಅನ್ನಕ್ಕೆ ಎಂದಾದರೂ ಕೊರತೆಯಾಗಿತ್ತೇ ಎಂದು ಯಾರ್ಕಿನ ಆರ್ಚ್‌ಬಿಷಪ್ ವಿಚಾರಿಸಿದಾಗ ಆಕೆ ಕೊಟ್ಟ ಉತ್ತರ ಮನನೀಯವಾದುದು. ರೊಟ್ಟಿ ಇಲ್ಲವೆಂದೇನೂ ಆಗಿರಲಿಲ್ಲ. ಆದರೆ ಅದನ್ನು ಸಂಪಾದಿಸುವ ಮೊದಲಿನ ಚಿಂತೆ, ತಿಂದ ಮೇಲೆ ಅದರ ಸಾಲ ತೀರಿಸುವ ಚಿಂತೆ, ಇವೆರಡರ ನಡುವೆ ಆ ರೊಟ್ಟಿಯ ರುಚಿಯೇ ಕೆಟ್ಟುಹೋಗುತ್ತಿತ್ತೆಂದು ಆಕೆ ತಿಳಿಸಿದಳು. ಸಾಲದ ಸಂಸಾರ ಮಾಡಿದ ತಾಯಂದಿರಿಗೆ ಈ ಮಾತಿನ ಭಾಷ್ಯ ಬೇಕಾಗಿಲ್ಲ.

ಪತಿಯನ್ನು ಗೌರವಿಸಿದಳಾದರೂ ತನ್ನ ಅಂತಃಸಾಕ್ಷಿಯನ್ನು ಆಕೆ ಅವನ ಕೈಗೆ ಒಪ್ಪಿಸಲಿಲ್ಲ. ಮೂರನೆಯ ವಿಲಿಯಂ ನ್ಯಾಯವಾದ ಅರಸನಲ್ಲವೆಂಬುದು ಆಕೆಯ ನಂಬಿಕೆ. ಆದಕಾರಣ ಕುಟುಂಬ ಪ್ರಾರ್ಥನೆಯಲ್ಲಿ ಅರಸನ ಹೆಸರು ಬಂದಾಗ ಆಕೆ ಆಮೆನ್ ಎನ್ನಲಿಲ್ಲ. ಸಿಟ್ಟಿಗೆದ್ದ ಗಂಡ ಮನೆಬಿಟ್ಟು ಹೋದ; 1702ರಲ್ಲಿ ಅರಸ ಕಾಲವಾದ ಮೇಲೆಯೇ ಸಂಸಾರ ಮತ್ತೆ ಕೂಡಿಕೊಂಡಿತು. 1703ರ ಜೂನಿನಲ್ಲಿ ಜಾನ್ ಹುಟ್ಟಿದ. ಇದನ್ನು ಓದುವಾಗ ನನಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಯಿತು. ಅಗತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ಆಯ್ದು ತಂದ ಪತಿ ಮಾರಯ್ಯನನ್ನು ತಡೆದು, ತಿದ್ದಿ, ಹೆಚ್ಚಿನದನ್ನು ಹಿಂದಕ್ಕೆ ಕಳಿಸಿದವಳಲ್ಲವೆ ಆ ಶರಣೆ? ಸತಿಪತಿಗಳೊಂದಾದ ಭಕ್ತಿಯೆಂದರೆ ಸತಿಯ ವಿವೇಕವನ್ನು ಕಟ್ಟಿಹಾಕುವುದಲ್ಲ.

ಇನ್ನು ಆಕೆಯ ಮನೆಶಾಲೆಯ ವಿಚಾರ. ಮಗ ಜಾನ್ ಕೇಳಿಕೊಂಡದ್ದರಿಂದ 1732ರ ಜುಲೈ ತಿಂಗಳಲ್ಲಿ ಬರೆದ ಪತ್ರದಲ್ಲಿ ಆಕೆ ತನ್ನ ಕ್ರಮವನ್ನು ವಿವರಿಸಿದ್ದಾಳೆ. ಮಗುವಿಗೆ ಐದು ವರ್ಷ ತುಂಬುವವರೆಗೆ ಅಕ್ಷರದ ಗೊಡವೆಯಿಲ್ಲ. ಮಾತು ಬಂದೊಡನೆ ಕರ್ತನ ಪ್ರಾರ್ಥನೆಯನ್ನು ಬಾಯಿಪಾಠ ಮಾಡಿಸಿ ಬೆಳಿಗ್ಗೆ ಏಳುವಾಗ, ರಾತ್ರಿ ಮಲಗುವಾಗ ಹೇಳಿಸುವುದು ಮಾತ್ರ. ಐದನೆಯ ಹುಟ್ಟುಹಬ್ಬದ ಮರುದಿನವೇ ವಿದ್ಯಾರಂಭ. ಅಂದು ಮನೆಯವರಿಗೆಲ್ಲ ಅವರವರ ಕೆಲಸವನ್ನು ಮೊದಲೇ ಹಂಚಿಟ್ಟು, ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು, ಮಧ್ಯಾಹ್ನ ಎರಡರಿಂದ ಐದು, ಆ ಕೋಣೆಗೆ ಯಾರೂ ಬರಕೂಡದೆಂದು ಕಟ್ಟಪ್ಪಣೆ. ಆ ಒಂದು ದಿನದಲ್ಲಿಯೇ ಮಗು ಅಕ್ಷರಮಾಲೆಯನ್ನೆಲ್ಲ ಕಲಿಯಬೇಕು. ಇಬ್ಬರು ಹೆಣ್ಣುಮಕ್ಕಳಿಗೆ ಮಾತ್ರ ಒಂದೂವರೆ ದಿನ ಬೇಕಾಯಿತು. ಅವರನ್ನು ಆಗ ಮಂದಬುದ್ಧಿಯವರೆಂದು ಎಣಿಸಿದ್ದೆ. ಇತರರ ಮಕ್ಕಳು ತೆಗೆದುಕೊಳ್ಳುವ ಕಾಲವನ್ನು ಕಂಡಮೇಲೆ ಅಭಿಪ್ರಾಯ ಬದಲಿಸಿಕೊಂಡೆನೆಂದು ಆಕೆ ನೇರವಾಗಿ ಬರೆಯುತ್ತಾಳೆ. ಮರುದಿನದಿಂದ ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯವೇ ಪಠ್ಯ. ಒಂದು ವಾಕ್ಯ ತಡೆಯಿಲ್ಲದೆ ಬಂದ ಮೇಲೆಯೇ ಮುಂದಿನದು.

ಆ ಮನೆಯ ಕಟ್ಟಳೆಗಳಲ್ಲಿ ಕೆಲವನ್ನು ಇಂದಿನ ತಾಯ್ತಂದೆಗಳೂ ಗೋಡೆಗೆ ಬರೆದಿಟ್ಟುಕೊಳ್ಳಬಹುದು. ತಪ್ಪನ್ನು ತಾನಾಗಿ ಒಪ್ಪಿಕೊಂಡು ತಿದ್ದಿಕೊಳ್ಳುವೆನೆಂದ ಮಗುವಿಗೆ ಪೆಟ್ಟಿಲ್ಲ. ಏಕೆಂದರೆ ಪೆಟ್ಟಿನ ಭಯವೇ ಸುಳ್ಳಿನ ತಾಯಿ. ಒಂದೇ ತಪ್ಪಿಗೆ ಎರಡು ಬಾರಿ ಶಿಕ್ಷೆಯಿಲ್ಲ. ವಿಧೇಯತೆ ತೋರಿದಾಗ ಮೆಚ್ಚುಗೆ ತಪ್ಪಬಾರದು. ಕೊಟ್ಟ ಮಾತನ್ನು ನಡೆಸಬೇಕು, ಕೊಟ್ಟ ವಸ್ತುವನ್ನು ಹಿಂದಕ್ಕೆ ಕೇಳಬಾರದು. ಮನೆಯ ಆಳುಗಳಲ್ಲಿಯೂ ವಿನಯದಿಂದಲೇ ಬೇಡಬೇಕು. ಒಬ್ಬ ದಡ್ಡ ಮಗುವಿಗೆ ಒಂದೇ ಮಾತನ್ನು ಇಪ್ಪತ್ತು ಸಲ ಹೇಳುವ ತಾಳ್ಮೆ ನಿನಗೆಲ್ಲಿಂದ ಬಂತೆಂದು ಗಂಡ ಕೇಳಿದ್ದನಂತೆ. ಹತ್ತೊಂಬತ್ತಕ್ಕೆ ನಿಲ್ಲಿಸಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತಿತ್ತೆಂದು ಆಕೆಯ ಉತ್ತರ.

ಇವೆಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ ಕಟ್ಟಳೆ ಇನ್ನೊಂದಿದೆ: ಚೆನ್ನಾಗಿ ಓದಲು ಬರುವವರೆಗೆ ಯಾವ ಹೆಣ್ಣುಮಗುವಿಗೂ ಹೊಲಿಗೆ ಮೊದಲಾದ ಕೆಲಸಗಳನ್ನು ಹಚ್ಚಬಾರದು. ಓದು ಬರುವ ಮೊದಲೇ ಹುಡುಗಿಯರ ಕೈಗೆ ಸೂಜಿ ಕೊಡುವುದರಿಂದಲೇ ಹೆಂಗಸರಲ್ಲಿ ಕೇಳುವಂತೆ ಓದಬಲ್ಲವರು ವಿರಳವೆಂದು ಆ ತಾಯಿ ಕಾರಣವನ್ನೂ ಕೊಟ್ಟಿದ್ದಾಳೆ. ಇದನ್ನು ಓದಿದಾಗ ನನಗೆ ನನ್ನ ಅಕ್ಕ ಕಣ್ಮುಂದೆ ಬಂದಳು. ನಾನು ಒಂಬತ್ತನೆಯ ವಯಸ್ಸಿಗೆ ಮಠ ಸೇರಿ ಸಂಸ್ಕೃತವನ್ನೂ ವಚನಶಾಸ್ತ್ರವನ್ನೂ ಕಲಿತೆ. ಅಕ್ಕ ಏಳನೆಯ ವಯಸ್ಸಿಗೇ ಅವ್ವನ ಪಕ್ಕದಲ್ಲಿ ಕುಳಿತು ಕೌದಿ ಹೊಲಿಯುವುದನ್ನು ಕಲಿತಳು. ಅಕ್ಷರವನ್ನು ಯಾರೂ ಕಲಿಸಲಿಲ್ಲ. ಜಾತ್ರೆಗೆಂದು ನಾನು ಊರಿಗೆ ಹೋದಾಗ ಕಲಿತ ವಚನಗಳನ್ನು ಹೇಳುತ್ತಿದ್ದರೆ ಅವಳು ಸೂಜಿ ನಿಲ್ಲಿಸಿ ಕೇಳುತ್ತಿದ್ದಳು. ಎರಡನೆಯ ಸಲ ಹೇಳುವಷ್ಟರಲ್ಲಿ ಅವಳಿಗೆ ಬಾಯಿಪಾಠ. ನನಗೆ ಅದಕ್ಕೆ ನಾಲ್ಕು ದಿನ ಹಿಡಿದಿರುತ್ತಿತ್ತು. ಈ ಪತ್ರಿಕೆ ಅವಳ ಮನೆಗೂ ಬರುತ್ತದೆ. ಮೊಮ್ಮಗಳು ಓದಿ ಹೇಳುತ್ತಾಳೆ. ಇಷ್ಟಲಿಂಗ ದೀಕ್ಷೆಯಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ಸಾರಿದ ಧರ್ಮದ ಮನೆಗಳಲ್ಲಿಯೂ ಎಷ್ಟೋ ಹೆಣ್ಣುಮಕ್ಕಳ ಕೊರಳಿಗೆ ಲಿಂಗ ಬಂತು, ಕೈಗೆ ಪುಸ್ತಕ ಬರಲಿಲ್ಲ. ಇದು ನಮ್ಮ ಸಮಾಜ ತೀರಿಸಬೇಕಾದ ಋಣ.

1709ರ ಫೆಬ್ರವರಿ 9ರ ರಾತ್ರಿ ಎಪ್‌ವರ್ತಿನ ಮನೆಗೆ ಬೆಂಕಿ ಬಿತ್ತು. ಐದು ವರ್ಷದ ಜಾನ್ ಮಾಳಿಗೆಯಲ್ಲಿ ಸಿಕ್ಕಿಬಿದ್ದಿದ್ದ. ಒಬ್ಬರ ಹೆಗಲ ಮೇಲೊಬ್ಬರು ನಿಂತು ಕಿಟಕಿಯಿಂದ ಅವನನ್ನು ಇಳಿಸಿಕೊಂಡರು. ಮನೆ, ಪುಸ್ತಕ, ಬರಹ ಎಲ್ಲ ಬೂದಿ. ಹೊಸ ಮನೆ ಏಳುವವರೆಗೆ ಮಕ್ಕಳು ಪರರ ಮನೆಗಳಲ್ಲಿ ಚದುರಿಹೋಗಿ, ಕಲಿತ ನಡೆನುಡಿಗಳನ್ನು ಮರೆತು ಬಂದರು. ತಾಯಿ ಧೃತಿಗೆಡದೆ ಮೊದಲಿನಿಂದ ಪ್ರಾರಂಭಿಸಿದಳು. ಅಂದಿನಿಂದ ಕೀರ್ತನೆ ಹಾಡಿಯೇ ಪಾಠ ಆರಂಭ, ಹಾಡಿಯೇ ಮುಕ್ತಾಯ. ಹಿರಿಯ ಮಗು ಕಿರಿಯದನ್ನು ಕೂಡಿಸಿಕೊಂಡು ಓದಿಸಬೇಕೆಂಬ ಪದ್ಧತಿ.

ಇಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ಒಂದು ಸ್ವಾರಸ್ಯವಿದೆ. 1706ರಲ್ಲಿ ಡೆನ್ಮಾರ್ಕಿನ ಅರಸ ಕಳಿಸಿದ ಜೀಗೆನ್‌ಬಾಲ್ಗ್ ಮತ್ತು ಪ್ಲುಚೌ ಎಂಬಿಬ್ಬರು ಬೋಧಕರು ತಮಿಳುನಾಡಿನ ಕರಾವಳಿಯ ತರಂಗಂಬಾಡಿಗೆ ಬಂದಿಳಿದರು. ಅವರ ವೃತ್ತಾಂತದ ಇಂಗ್ಲಿಷ್ ಪುಸ್ತಕವೊಂದು ವೆಸ್ಲಿಯವರ ಮನೆಯಲ್ಲಿತ್ತು. ಹಿರಿಯ ಮಗಳು ಎಮಿಲಿಯಾ ಅದನ್ನು ಹುಡುಕಿ ತೆಗೆದು ಓದಿ ಹೇಳಿದಾಗ ತಾಯಿಯ ಮನಸ್ಸು ಕರಗಿತು. ಬೋಧಕಳಾಗಿ ದೂರದೇಶಕ್ಕೆ ಹೋಗುವುದು ತನ್ನಿಂದಾಗದು. ತನ್ನ ಸುತ್ತಲಿನವರಿಗೆ ಇನ್ನಷ್ಟು ಮಾಡಬಹುದಲ್ಲ ಎಂದುಕೊಂಡಳು. ಪ್ರತಿ ಸಂಜೆ ಒಬ್ಬೊಬ್ಬ ಮಗುವಿನೊಡನೆ ಏಕಾಂತದಲ್ಲಿ ಕುಳಿತು ಅದರ ಮನಸ್ಸಿನ ಸುಖದುಃಖ ವಿಚಾರಿಸುವ ನೇಮ ತೊಟ್ಟಳು. ಗುರುವಾರ ಜಾನನದು, ಶನಿವಾರ ಚಾರ್ಲ್ಸನದು. ಮುಂದೆ ಆಕ್ಸ್‌ಫರ್ಡಿನಲ್ಲಿ ವಿದ್ವಾಂಸನೆನಿಸಿದ ಮೇಲೂ ಜಾನ್ ಆ ಗುರುವಾರದ ಸಂಜೆಯನ್ನೇ ತಾಯಿಯಿಂದ ಮತ್ತೆ ಬೇಡಿ ಪತ್ರ ಬರೆದ.

1711–12ರ ಚಳಿಗಾಲದಲ್ಲಿ ಪತಿ ಲಂಡನ್ನಿನಲ್ಲಿದ್ದಾಗ ಭಾನುವಾರ ಸಂಜೆ ಮಕ್ಕಳಿಗೂ ಆಳುಗಳಿಗೂ ಧರ್ಮೋಪದೇಶವನ್ನು ಓದಿ ಹೇಳುತ್ತಿದ್ದಳು. ನೆರೆಯವರೂ ಬರತೊಡಗಿ ಸಂಖ್ಯೆ ಇನ್ನೂರಕ್ಕೆ ಮುಟ್ಟಿತು. ಸಹಾಯಕ ಪಾದ್ರಿ ದೂರಿತ್ತ. ಹೆಂಗಸು ಬೋಧಿಸುವುದೇ ಎಂದು ಗಂಡನೂ ಆಕ್ಷೇಪಿಸಿದ. ನೀವಿಲ್ಲದಾಗ ಈ ಜೀವಗಳು ದೇವರು ನನ್ನಲ್ಲಿಟ್ಟ ನ್ಯಾಸವೆಂದು ಆಕೆ ಬರೆದಳು. ನಿಲ್ಲಿಸೆಂದು ಬರಿದೆ ಆಶಿಸಿದರೆ ಸಾಲದು, ದೇವರ ಮುಂದೆ ನಾನು ಹೊಣೆಯಿಂದ ಪಾರಾಗುವಷ್ಟು ಸ್ಪಷ್ಟವಾದ ಆಜ್ಞೆಯನ್ನೇ ಕಳಿಸಿರೆಂದಳು. ಆಜ್ಞೆ ಬರಲಿಲ್ಲ, ಸಭೆ ನಡೆಯಿತು. ಅನುಭವ ಮಂಟಪದಲ್ಲಿ ಶರಣೆಯರ ಮಾತಿಗೆ ಮನ್ನಣೆಯಿತ್ತೆಂದು ಹೆಮ್ಮೆಪಡುವ ನಮಗೆ ಈ ಧೈರ್ಯದ ಬೆಲೆ ತಿಳಿಯದೆ?

ಆದರೆ ಗುಣದ ಜೊತೆಗೆ ಕೊರತೆಯನ್ನೂ ಹೇಳಬೇಕು. ಮಗುವಿನ ಸ್ವೇಚ್ಛೆಯನ್ನು ಮೊದಲು ಜಯಿಸಬೇಕೆಂಬುದು ಆಕೆಯ ಶಿಕ್ಷಣದ ಬುನಾದಿ. ವರ್ಷ ತುಂಬುವಷ್ಟರಲ್ಲೇ ಮಕ್ಕಳು ಬೆತ್ತಕ್ಕೆ ಅಂಜಿ ಸದ್ದಿಲ್ಲದೆ ಅಳುವುದನ್ನು ಕಲಿಯಬೇಕಿತ್ತು. ಇದನ್ನು ನನ್ನ ಮನಸ್ಸು ಒಪ್ಪುವುದಿಲ್ಲ. ಹಸುಗೂಸಿನ ಅಳು ದುರ್ಗುಣವಲ್ಲ, ಅದರ ಭಾಷೆ. ಇನ್ನು ಅಷ್ಟು ಚೆನ್ನಾಗಿ ಓದಿಸಿದ ಹೆಣ್ಣುಮಕ್ಕಳ ಬಾಳು ಬಹುಮಟ್ಟಿಗೆ ದುಃಖಮಯವಾಯಿತು. ಗಂಡುಮಕ್ಕಳಿಗೆ ಆಕ್ಸ್‌ಫರ್ಡ್ ಬಾಗಿಲು ತೆರೆಯಿತು. ಹೆಣ್ಣುಮಕ್ಕಳಿಗೆ ಯಾವ ಬಾಗಿಲೂ ತೆರೆಯಲಿಲ್ಲ. ಕವಯಿತ್ರಿಯಾಗಿದ್ದ ಹೆಟ್ಟಿ ಯೌವನದಲ್ಲಿ ಎಡವಿದಳೆಂದು 1725ರಲ್ಲಿ ಅವಳಿಗೆ ಸಲ್ಲದ ವರನೊಡನೆ ಮದುವೆಯಾಯಿತು; ತಂದೆ ಮನಸಾರೆ ಕ್ಷಮಿಸಲಿಲ್ಲ. ಮನೆ ಕಲಿಸಿದರೆ ಸಾಲದು, ಕಲಿತವಳಿಗೆ ಸಮಾಜ ಜಾಗ ಕೊಡಬೇಕು.

1735ರಲ್ಲಿ ಪತಿ ತೀರಿಕೊಂಡ ಮೇಲೆ ಆಕೆ ಮಕ್ಕಳ ಆಶ್ರಯದಲ್ಲಿದ್ದಳು. ದೀಕ್ಷೆ ಪಡೆಯದ ಮ್ಯಾಕ್ಸ್‌ಫೀಲ್ಡ್ ಎಂಬ ಸಾಮಾನ್ಯನು ಉಪದೇಶ ಮಾಡಿದನೆಂದು ಜಾನ್ ಕೋಪಗೊಂಡಾಗ, ಮೊದಲು ಅವನ ಮಾತನ್ನು ಕೇಳಿ ಆಮೇಲೆ ತೀರ್ಮಾನಿಸೆಂದು ತಡೆದವಳು ಈ ತಾಯಿ. ಮೆಥಡಿಸ್ಟರಲ್ಲಿ ಜನಸಾಮಾನ್ಯರ ಬೋಧಕ ಪರಂಪರೆ ಬೆಳೆಯಲು ಇದೂ ಒಂದು ಕಾರಣವಾಯಿತು. ಅದೇ ಪಂಥದ ಮಿಷನ್ನಿನವರು ಮುಂದೆ ಬೆಂಗಳೂರು, ಮೈಸೂರು, ಗುಬ್ಬಿಗಳಿಗೆ ಬಂದು ಶಾಲೆ ತೆರೆದರು. ಅವರಲ್ಲೊಬ್ಬನಾದ ಡೇನಿಯಲ್ ಸ್ಯಾಂಡರ್ಸನ್ ರೀವ್‌ನ ಕನ್ನಡ ನಿಘಂಟನ್ನು ಪರಿಷ್ಕರಿಸಿ 1858ರಲ್ಲಿ ಹೊರತಂದ. ಎಪ್‌ವರ್ತಿನ ಅಡುಗೆಮನೆಯಲ್ಲಿ ಹಚ್ಚಿದ ದೀಪದ ಒಂದು ಕಿರಣ ಹೀಗೆ ಕನ್ನಡದ ಅಂಗಳಕ್ಕೂ ಬಿದ್ದಿತು.

1742ರ ಜುಲೈನಲ್ಲಿ, ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ಆಕೆ ಕಣ್ಮುಚ್ಚಿದಳು. ಪ್ರಾಣ ಬಿಡುಗಡೆಯಾದೊಡನೆ ದೇವರ ಸ್ತುತಿಯ ಕೀರ್ತನೆಯೊಂದನ್ನು ಹಾಡಿರೆಂದು ಮಕ್ಕಳಿಗೆ ಹೇಳಿದ್ದಳು, ಅವರು ಹಾಡಿದರು. ಶರಣರ ಗುಣವನ್ನು ಮರಣದಲ್ಲಿ ನೋಡೆಂಬ ನಮ್ಮ ಗಾದೆ ಆ ತಾಯಿಗೂ ಸಲ್ಲುತ್ತದೆ.

ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲಿ ಕೂಡಿಸಿರೆಂದು ನಾನು ಹೇಳುತ್ತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಿಂದ ಆರರಿಂದ ಹದಿನಾಲ್ಕು ವಯಸ್ಸಿನ ಪ್ರತಿ ಮಗುವಿಗೂ ಶಾಲೆಯ ಬಾಗಿಲು ತೆರೆದಿರುವುದು ಭಾಗ್ಯವೇ ಸರಿ. ಆದರೆ ಶಾಲೆಗೂ ಟ್ಯೂಷನ್ನಿಗೂ ಹಣ ಕಟ್ಟಿದೊಡನೆ ತಾಯ್ತಂದೆಗಳ ಹೊಣೆ ತೀರುವುದಿಲ್ಲ. ಹತ್ತು ಮಕ್ಕಳ ತಾಯಿಗೆ ವಾರಕ್ಕೊಂದು ಸಂಜೆಯನ್ನು ಪ್ರತಿ ಮಗುವಿಗೂ ಮೀಸಲಿಡುವುದು ಸಾಧ್ಯವಾಗಿತ್ತು. ಒಂದೆರಡು ಮಕ್ಕಳಿರುವ ನಮ್ಮ ಮನೆಗಳಲ್ಲಿ ಅದು ಅಸಾಧ್ಯವೆ? ಸಂಜೆಯ ಲಿಂಗಪೂಜೆ ಮುಗಿದ ಮೇಲೆ ಕೈಯಲ್ಲಿರುವುದನ್ನೆಲ್ಲ ಬದಿಗಿಟ್ಟು ಮಗುವನ್ನು ಹತ್ತಿರ ಕರೆಯಿರಿ. ಒಂದು ವಚನವನ್ನು ಓದಿಸಿ, ಅರ್ಥವನ್ನು ಕೇಳಿ, ಅದು ಹೇಳುವುದನ್ನು ಕಿವಿಗೊಟ್ಟು ಕೇಳಿರಿ. ಮನೆಯಲ್ಲಿ ಓದು ಬಾರದ ಹಿರಿಯ ಹೆಣ್ಣುಮಗಳು ಯಾರಾದರೂ ಇದ್ದರೆ ಅವಳನ್ನೂ ಆ ಪಂಕ್ತಿಯಲ್ಲಿ ಕೂಡಿಸಿಕೊಳ್ಳಿರಿ. ಅಕ್ಷರ ಕಲಿಯಲು ವಯಸ್ಸು ಮೀರಿತೆಂದು ಯಾವ ಶರಣರೂ ಹೇಳಿಲ್ಲ.