ಆರು ಬೆಸುಗೆಯ ಕರೆಗಂಟೆ

ಕೈಯಲ್ಲಿ ಕಾದ ಸೋಲ್ಡರಿಂಗ್ ಐರನ್ ಇರುವವನಿಗೆ ಕಾಗದ, ಪೆನ್ಸಿಲುಗಳ ಮೇಲೆ ಗೌರವ ಕಡಿಮೆ. ತಂತಿಗೆ ತಂತಿ ಸೇರಿಸಿ ನೋಡೋಣ, ದೀಪ ಹತ್ತಿದರೆ ಸರಿ ಎಂಬುದೇ ಅವನ ಶಾಸ್ತ್ರ. ಬೆಂಗಳೂರಿನ ಗೃಹಸ್ಥರೊಬ್ಬರು ಬಹುಕಾಲ ಈ ಪಂಥದವರೇ ಆಗಿದ್ದರು. ತಾಯಿಗೆ ಪಾರ್ಶ್ವವಾಯು ಬಡಿದು, ಕೂಗಿ ಕರೆಯುವ ಶಕ್ತಿ ಹೋದ ಮೇಲೆ ಅವರ ಪಂಥ ಬದಲಾಯಿತು.

ಬೇಕಾದುದು ಅಲ್ಪ: ತಾಯಿಯ ಹಾಸಿಗೆಯ ಬಳಿ ಒಂದು ಗುಂಡಿ, ಮಗನ ಕೋಣೆಯಲ್ಲಿ ಒಂದು ಬಜರು. ಪೇಟೆಯಲ್ಲಿ ಕೊಂಡು ತಂದ ಕರೆಗಂಟೆಯ ಗುಂಡಿ ಆಕೆಯ ಸೋತ ಬೆರಳಿಗೆ ಮಣಿಯಲಿಲ್ಲ. ಸದರ್ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ಹುಡುಕಿ, ಮೆಲ್ಲನೆ ಮುಟ್ಟಿದರೂ ಒತ್ತಿಕೊಳ್ಳುವ ಅಗಲವಾದ ಗುಂಡಿಯೊಂದನ್ನು ತಂದರು. ಜೊತೆಗೊಂದು ಕೆಂಪು ಎಲ್‌ಇಡಿ. ಕಿವಿ ಮಂದವಾದ ತಾಯಿಗೆ, ಕರೆ ತಲುಪಿತೆಂಬುದು ಕಣ್ಣಿಗಾದರೂ ತಿಳಿಯಬೇಕಲ್ಲ!

ಮೊದಲ ನಕ್ಷೆಯಲ್ಲಿ ಬ್ಯಾಟರಿ ತಾಯಿಯ ಕಡೆಗಿದ್ದಿತು. ದೀಪಕ್ಕೊಂದು ಕವಲು, ಬಜರಿಗೊಂದು ಕವಲು. ನೋಡಲು ಚೆನ್ನಾಗಿಯೇ ಇದ್ದಿತು. ಆದರೆ ನಡುಮನೆಯಲ್ಲಿ ತಂತಿ ತುಂಡಾದರೆ? ದೀಪ ಹತ್ತುತ್ತದೆ, ಬಜರು ಮೂಕವಾಗಿರುತ್ತದೆ. ಮಗ ಬಂದೇ ಬರುವನೆಂದು ನಂಬಿ ಆಕೆ ಬಾಗಿಲನ್ನೇ ನೋಡುತ್ತ ಮಲಗಿರಬೇಕು. ಅಂಥ ದೀಪಕ್ಕಿಂತ ಕತ್ತಲೆಯೇ ವಾಸಿ.

“ಒಂದು ಗಂಟೆ ಕಟ್ಟುವುದಕ್ಕೆ ಇಷ್ಟು ಪಂಚಾಂಗ ನೋಡಬೇಕೇನ್ರೀ?” ಎಂದು ಮನೆಯಾಕೆ ನಕ್ಕರು. ಅವರು ಉತ್ತರಿಸದೆ ಇನ್ನೊಂದು ಹಾಳೆ ತೆಗೆದರು.

ಎರಡನೆಯ ನಕ್ಷೆಯಲ್ಲಿ ಬ್ಯಾಟರಿ ಮತ್ತು ಬಜರು ಮಗನ ಕೋಣೆಗೆ ಬಂದವು. ಗುಂಡಿ ಮತ್ತು ದೀಪ ತಾಯಿಯ ಬಳಿ ಉಳಿದವು. ಎಲ್ಲವೂ ಒಂದೇ ಸರದ ಮಣಿಗಳು. ದೀಪ ಬೆಳಗಬೇಕಾದರೆ ಅದೇ ವಿದ್ಯುತ್ತು ಬಜರನ್ನು ಹಾದು ಬರಲೇಬೇಕು. 1.5 ವೋಲ್ಟಿನ ನಾಲ್ಕು ಸೆಲ್ಲುಗಳಿಂದ 6 ವೋಲ್ಟು. ಎಲ್‌ಇಡಿ ಸುಮಾರು 2 ವೋಲ್ಟನ್ನು ನುಂಗಿದರೂ, 3 ವೋಲ್ಟಿಗೇ ದನಿಗೂಡುವ ಬಜರಿಗೆ 4 ಉಳಿಯುತ್ತದೆ. ಎರಡು ಎಳೆಯ ತಂತಿಯೇ ಸಾಕು. ಬೆಸುಗೆಗಳನ್ನು ಚುಕ್ಕೆಯಿಟ್ಟು ಎಣಿಸಿದರು: ಒಟ್ಟು ಆರು.

ಆರರಲ್ಲಿ ಒಂದು ಹುಸಿಯಾದರೂ ಕೆಲಸ ಕೆಟ್ಟಿತು. ತವರ 60, ಸೀಸ 40 ಪಾಲಿನ ಬೆಸುಗೆಯ ತಂತಿ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗುತ್ತದೆ. ಐರನ್ನಿನ ಮೂತಿಗೆ ಅದನ್ನು ಮೆತ್ತಿಕೊಂಡು ಬಂದು ಸವರಿದರೆ ಸಾಲದು; ಕೂಡುವ ತಂತಿಗಳೇ ಕಾದು, ಅದನ್ನು ತಾವಾಗಿ ಕರಗಿಸಿ ಹೀರಿಕೊಳ್ಳಬೇಕು. ಆರುವ ಮುನ್ನ ಕೈ ಅಲುಗಿದರೆ ಹೊಳಪು ಹೋಗಿ ಮರಳುಮರಳಾಗುತ್ತದೆ. ಅಂಥದು ಇಂದು ನಡೆದು ನಾಳೆ ಕೈಕೊಡುವ ಬೆಸುಗೆ. ಮೇಲಾಗಿ ಬೆಸುಗೆಯ ಲೋಹ ಮೆತು. ಎಳೆತವನ್ನು ತಡೆಯುವುದು ಅದರ ಕೆಲಸವಲ್ಲ. ಆದ್ದರಿಂದ ತಂತಿಯನ್ನು ಮೊದಲು ಕೊಕ್ಕೆಯಂತೆ ಸಿಕ್ಕಿಸಿ, ಆಮೇಲೆ ಬೆಸೆದರು. ಪೆಟ್ಟಿಗೆಯ ಒಳಗಡೆ ತಂತಿಗೊಂದು ಗಂಟು ಹಾಕಿದರು. ಗುಡಿಸುವವರ ಪೊರಕೆಗೆ ಸಿಕ್ಕಿದರೂ ಎಳೆತ ಗಂಟಿನಲ್ಲೇ ನಿಲ್ಲುತ್ತದೆ. ಕಾಯಿಸಿದರೆ ಕುಗ್ಗುವ ಸ್ಲೀವನ್ನು ಬೆಸುಗೆಗೆ ಮೊದಲೇ ತಂತಿಗೆ ಪೋಣಿಸಬೇಕೆಂಬುದನ್ನು ನಕ್ಷೆಯ ಅಂಚಿನಲ್ಲಿ ದಪ್ಪಕ್ಷರದಲ್ಲಿ ಬರೆದುಕೊಂಡಿದ್ದರು. ಈ ವಿದ್ಯೆ ಬಲ್ಲವರೆಲ್ಲ ಮರೆಯುವುದು ಅದನ್ನೇ.

ದೇವರ ದೀಪ ಹಚ್ಚಿದ ಮೇಲೆ ತಾಯಿ ದಿನವೂ ಒಮ್ಮೆ ಗುಂಡಿ ಒತ್ತಿ ನೋಡತಕ್ಕದ್ದೆಂದು ಗೊತ್ತಾಯಿತು. ಕೆಂಪು ದೀಪ ಹತ್ತದ ಸಂಜೆ, ಮಗನ ಊಟ ಬೆಸುಗೆ ಮುಗಿದ ಮೇಲೆ.