ಮೆಣಸಿನ ರಾಣಿ, ಸಾಸಿವೆ ಡಬ್ಬಿ

ದೇವರಾಯನದುರ್ಗದ ಬೆಟ್ಟದ ಮೇಲೆ ನಿಂತರೆ ಕಾಣುವುದು ಬಂಡೆ, ಕಾಡು, ಸಮುದ್ರವಲ್ಲ. ಆದರೂ ಕಟ್ಟಿಕೊಂಡು ಹೋದ ಪೊಂಗಲಿನಲ್ಲಿ ಕರಿಮೆಣಸು ಹಲ್ಲಿಗೆ ಸಿಕ್ಕರೆ ನನಗೆ ಕಡಲು ನೆನಪಾಗುತ್ತದೆ.

16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದರು. ಘಟ್ಟದ ಮೆಣಸು ಹೊನ್ನಾವರ, ಭಟ್ಕಳಗಳಲ್ಲಿ ಹಡಗು ಹತ್ತುತ್ತಿತ್ತು. ಕೆಂಪು ಸಮುದ್ರದ ದಾರಿ ಹಿಡಿದದ್ದು, 1517ರಲ್ಲಿ ಆಟೋಮನ್ ತುರ್ಕರ ವಶವಾದ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿನಲ್ಲಿ ವೆನಿಸ್ಸಿನ ವರ್ತಕರ ಕೈಸೇರುತ್ತಿತ್ತು. 'ಕರ್ತಾಸ್' ಎಂಬ ರಹದಾರಿ ಚೀಟಿಯಿಲ್ಲದ ಹಡಗು ಸಿಕ್ಕರೆ ಪೋರ್ಚುಗೀಸರು ಹಿಡಿದುಬಿಡುತ್ತಿದ್ದರು.

ನಮ್ಮ ಸರಕಿಗೆ ಅವರ ಅಪ್ಪಣೆ! ಇದನ್ನೋದಿದಾಗ ನಮ್ಮತ್ತೆ ನೆನಪಾದರು. ಹಾಲು ಮಾರಿದ ದುಡ್ಡು ಅವರದೇ. ಖರ್ಚಿಗೆ ಮಾತ್ರ ಮಾವನವರ ಒಪ್ಪಿಗೆ ಬೇಕು. ಅದಕ್ಕೇ ಸಾಸಿವೆ ಡಬ್ಬಿಗೆ ಒಂದಿಷ್ಟನ್ನು ಚೀಟಿಯಿಲ್ಲದೆ ದಾಟಿಸುತ್ತಿದ್ದರು. ನನ್ನ ನಾದಿನಿಯ ಕಾಲೇಜು ಫೀಸು ಕಟ್ಟಿದ್ದು ಆ ಡಬ್ಬಿಯೇ.